ಮುಟ್ಟಿದರೆ ಮುದುಡುವ ಯಂತ್ರದ ಎಲೆ: ಮೊದಲು ಒಂದೇ ಎಲೆ ಮಾಡಿ

ಮುಟ್ಟಿದರೆ ಮುನಿಯನ್ನು ಯಂತ್ರದಲ್ಲಿ ಮಾಡಲು ಹೊರಟವರು ಹೆಚ್ಚಿನ ಶ್ರಮವನ್ನೆಲ್ಲ ಎಲೆಯ ಆಕಾರಕ್ಕೇ ಹಾಕುತ್ತಾರೆ. ಎಲೆ ಎಷ್ಟೇ ನಾಜೂಕಾಗಿ ಬಂದರೂ, ಬೆರಳು ತಾಗಿದ ಕೂಡಲೇ ಎಲ್ಲವೂ ಒಟ್ಟಿಗೆ ಟಪ್ಪನೆ ಮುಚ್ಚಿ, ಎರಡು ಸೆಕೆಂಡಿಗೆ ಮತ್ತೆ ಟಪ್ಪನೆ ತೆರೆದರೆ ಅದು ಕೊಡೆಯಂತೆ ಕಾಣುತ್ತದೆ, ಗಿಡದಂತಲ್ಲ. ಗಿಡ ಅನ್ನಿಸುವುದು ಕಾಲದ ಲೆಕ್ಕದಿಂದ. ಮುದುಡುವುದು ಬೇಗ, ಅರಳುವುದು ಬಲು ನಿಧಾನ. ಮುದುಡುವಾಗಲೂ ಒಂದರ ಹಿಂದೆ ಒಂದು. ಇಷ್ಟು ಸರಿಯಾಗಿ ಬಂದರೆ, ಕಾಗದದಷ್ಟು ಸಾದಾ ಎಲೆಯನ್ನು ಮುಟ್ಟಿದವರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ನಿಜವಾದ ಗಿಡದ ಮುಂದೆ ಅರ್ಧ ಗಂಟೆ ಕೂರಿ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಗಿಡ ಈಗ ನಮ್ಮ ಕರಾವಳಿ, ಮಲೆನಾಡಿನ ತೋಟದ ಬದುಗಳಲ್ಲೆಲ್ಲ ಹಬ್ಬಿದೆ. ಒಂದು ಗರಿಯ (ತೊಟ್ಟಿನ ತುದಿಯಿಂದ ಕವಲೊಡೆದ, ಕಿರುಎಲೆಗಳ ಸಾಲಿರುವ ದಿಂಡು) ತುದಿಯನ್ನು ಮೆಲ್ಲಗೆ ತಾಗಿಸಿ ಫೋನಿನಲ್ಲಿ ವಿಡಿಯೊ ತೆಗೆಯಿರಿ. ತುದಿಯ ಕಿರುಎಲೆಗಳ ಜೋಡಿ ಮೊದಲು, ಅದರ ಪಕ್ಕದ ಜೋಡಿ ಆಮೇಲೆ, ಹೀಗೆ ಬುಡದವರೆಗೆ ಮಡಚುತ್ತಾ ಬರುತ್ತವೆ. ತುಸು ಜೋರಾಗಿ ತಟ್ಟಿದರೆ ಪಕ್ಕದ ಗರಿಗಳಿಗೂ ಸುದ್ದಿ ಹೋಗಿ, ಕೊನೆಗೆ ತೊಟ್ಟೇ ಕೆಳಕ್ಕೆ ಬಾಗುತ್ತದೆ. ಮತ್ತೆ ಪೂರ್ತಿ ಅರಳಲು ಹತ್ತು ಹದಿನೈದು ನಿಮಿಷ ಬೇಕು.

ಒಳಗೆ ನಡೆಯುವುದು ನೀರಿನ ಆಟ. ಪ್ರತಿ ಕಿರುಎಲೆಯ ಬುಡದಲ್ಲಿ, ಗರಿಯ ಬುಡದಲ್ಲಿ, ತೊಟ್ಟಿನ ಬುಡದಲ್ಲಿ ಒಂದೊಂದು ಸಣ್ಣ ಉಬ್ಬು ಇರುತ್ತದೆ. ಸ್ಪರ್ಶದ ವಿದ್ಯುತ್ ಸಂಕೇತ ಬಂದಾಗ ಉಬ್ಬಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಆ ಬದಿ ಸೊರಗುತ್ತದೆ, ಎದುರು ಬದಿ ಬಿಗಿಯಾಗಿಯೇ ಇರುತ್ತದೆ, ಎಲೆ ವಾಲುತ್ತದೆ. ನೀರು ಹೊರಹೋಗುವುದು ಕ್ಷಣದ ಕೆಲಸ. ಅಯಾನುಗಳನ್ನು ಮತ್ತೆ ಒಳಕ್ಕೆ ಸೇರಿಸಲು ಶಕ್ತಿಯೂ ಸಮಯವೂ ಬೇಕು. ಅರಳುವುದು ತಡವಾಗುವುದು ಅದಕ್ಕೇ. ಇಲ್ಲಿ ಮಾಡುವ ಯಂತ್ರದಲ್ಲೂ ಇದೇ ಏರ್ಪಾಡು: ಒಂದು ಕಡೆ ಸದಾ ತೆರೆಯಲು ನೋಡುವ ಸ್ಪ್ರಿಂಗು, ಇನ್ನೊಂದು ಕಡೆ ಬೇಕಾದಾಗ ಎಳೆಯುವ ದಾರ.

ಮಾಡಬೇಕಾದ ಎಲೆ ಇಷ್ಟು: 15 ಸೆಂ.ಮೀ. ತೊಟ್ಟು, ಅದರ ತುದಿಯಲ್ಲಿ ತಲಾ 15 ಸೆಂ.ಮೀ.ನ ಎರಡು ಗರಿ, ಪ್ರತಿ ಗರಿಯಲ್ಲಿ ಆರು ಜೋಡಿ ಕಿರುಎಲೆ. ನಿಜವಾದ ಗಿಡದಲ್ಲಿ ಗರಿಗಳು ಸಾಮಾನ್ಯವಾಗಿ ನಾಲ್ಕು, ಜೋಡಿಗಳು ಹತ್ತಕ್ಕೂ ಹೆಚ್ಚು. ಆದರೆ ಆರು ಜೋಡಿ ಇದ್ದರೆ ಸಾಕು, ಅಲೆ ಸಾಗಿದ್ದು ಕಣ್ಣಿಗೆ ತಿಳಿಯುತ್ತದೆ.

ಬೇಕಾಗುವ ಸಾಮಾನು

ಎಲೆಗೆ 100 ಮೈಕ್ರಾನ್ ದಪ್ಪದ, ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಪಾಲಿಯೆಸ್ಟರ್ ಓಎಚ್‌ಪಿ ಹಾಳೆ 3. ಗರಿಯ ನಡುದಿಂಡಿಗೆ 10×10 ಮಿ.ಮೀ. ಅಳತೆಯ, 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಯು-ಪಟ್ಟಿ ಅರ್ಧ ಮೀಟರ್. ಕಿಟಕಿ ಸೆಕ್ಷನ್ ಮಾರುವ ಅಂಗಡಿಯಲ್ಲಿ ಕೇಳಿ. ತೊಟ್ಟಿಗೆ ಒಣಗಿದ ಬಿದಿರ ಕಡ್ಡಿ, 10 ಮಿ.ಮೀ. ದಪ್ಪ. ಮೀನು ಹಿಡಿಯುವ ಹೆಣೆದ ದಾರ 0.2 ಮಿ.ಮೀ., ಹತ್ತು ಮೀಟರ್. ಸರ ಪೋಣಿಸುವ ಎಲಾಸ್ಟಿಕ್ ದಾರ 0.8 ಮಿ.ಮೀ., ಎರಡು ಮೀಟರ್. 2 ಮಿ.ಮೀ. ಗಾಜಿನ ಮಣಿ ಒಂದು ಹಿಡಿ. ತ್ರೀಡಿ ಪ್ರಿಂಟರಿಗೆ ಬಳಸುವ ಟೆಫ್ಲಾನ್ ಕೊಳವೆ (ಒಳವ್ಯಾಸ 2, ಹೊರವ್ಯಾಸ 4 ಮಿ.ಮೀ.) ಒಂದು ಮೀಟರ್. 0.8 ಮಿ.ಮೀ. ಸ್ಟೀಲ್ ತಂತಿ, ಒಂದು ಎಳೆಸ್ಪ್ರಿಂಗು, 2 ಮತ್ತು 3 ಮಿ.ಮೀ. ಸ್ಕ್ರೂ-ನಟ್ಟುಗಳು.

ವಿದ್ಯುತ್ ಭಾಗಕ್ಕೆ ಪ್ರೋಗ್ರಾಂ ನಡೆಸುವ ಇಎಸ್‌ಪಿ32 ಬೋರ್ಡು, ಎಂಪಿಆರ್121 ಸ್ಪರ್ಶ ಮಾಡ್ಯೂಲು, ಪಿಸಿಎ9685 ಸರ್ವೊ ಚಾಲಕ, ಎಂಜಿ90ಎಸ್ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು) ಎರಡು, ಎಂಜಿ996ಆರ್ ಸರ್ವೊ ಒಂದು, 5 ವೋಲ್ಟ್ 5 ಆಂಪಿಯರ್‌ನ ಅರ್ತ್ ಇರುವ ವಿದ್ಯುತ್ ಪೂರೈಕೆ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, 1000 ಮೈಕ್ರೊಫ್ಯಾರಡ್ 16 ವೋಲ್ಟ್ ಕೆಪಾಸಿಟರ್. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಓಡಾಟಕ್ಕೆ ಸಿಗುತ್ತವೆ; ಉಳಿದವರು ಆನ್‌ಲೈನಿನಲ್ಲಿ ತರಿಸಬಹುದು. ನೀಲಿ ಬಣ್ಣದ ಎಸ್‌ಜಿ90 ಅಗ್ಗವೆಂದು ಕೊಳ್ಳಬೇಡಿ. ಅದರ ಪ್ಲಾಸ್ಟಿಕ್ ಹಲ್ಲುಗಳು ಯಾರಾದರೂ ಎಲೆಯನ್ನು ಜಗ್ಗಿದ ಮೊದಲ ದಿನವೇ ಮುರಿಯುತ್ತವೆ.

ಕಿರುಎಲೆ

ಒಂದು ಜೋಡಿ ಎಂದರೆ ಎರಡು ತುಂಡಲ್ಲ, ಒಂದೇ ಪಟ್ಟಿ. ಈ ರಚನೆಯ ಗುಟ್ಟೆಲ್ಲ ಇಲ್ಲಿದೆ. ಪಟ್ಟಿಯನ್ನು ಯು-ಪಟ್ಟಿಯ ಬಾಯಿಗೆ ಅಡ್ಡಲಾಗಿ ಇಟ್ಟು ನಡುವಿನಿಂದ ಕೆಳಕ್ಕೆ ಎಳೆದರೆ ಎರಡೂ ರೆಕ್ಕೆಗಳು ಮೇಲೆದ್ದು ಮುಚ್ಚಿಕೊಳ್ಳುತ್ತವೆ. ಬಿಟ್ಟರೆ ಹಾಳೆಯ ಸ್ವಂತ ಬಿಗುವಿನಿಂದಲೇ ತೆರೆದುಕೊಳ್ಳುತ್ತವೆ. ಬೇರೆ ಕೀಲು ಬೇಡ, ಬೇರೆ ಸ್ಪ್ರಿಂಗು ಬೇಡ.

ಅಳತೆ: ಒಟ್ಟು ಉದ್ದ 100 ಮಿ.ಮೀ. ನಡುವಿನ 20 ಮಿ.ಮೀ. ಭಾಗ ಕೇವಲ 4 ಮಿ.ಮೀ. ಅಗಲದ ಸೊಂಟ. ಎರಡೂ ಕಡೆ 40 ಮಿ.ಮೀ. ಉದ್ದ, 12 ಮಿ.ಮೀ. ಅಗಲದ ರೆಕ್ಕೆ. ಸೊಂಟವನ್ನು ಕಿರಿದು ಮಾಡುವುದು ಅಂದಕ್ಕಲ್ಲ. 12 ಮಿ.ಮೀ. ಅಗಲವನ್ನೇ ಬಿಟ್ಟರೆ ಒಂದು ಜೋಡಿಯನ್ನು ಮಡಚಲು ಸುಮಾರು 50 ಗ್ರಾಂ ಎಳೆತ ಬೇಕಾಗುತ್ತದೆ, 4 ಮಿ.ಮೀ.ಗೆ ಇಳಿಸಿದರೆ ಅದರ ಮೂರನೇ ಒಂದು ಭಾಗ ಸಾಕು. ರೆಕ್ಕೆ ಸೊಂಟಕ್ಕೆ ಸೇರುವ ಮೂಲೆಯನ್ನು ಚೂಪಾಗಿ ಕತ್ತರಿಸಬೇಡಿ. ಮೊದಲು ಅಲ್ಲಿ ಸಣ್ಣ ಪಂಚಿನಿಂದ ದುಂಡಗೆ ತೂತು ಹೊಡೆದು, ಆಮೇಲೆ ಬ್ಲೇಡಿನಿಂದ ಆ ತೂತಿನವರೆಗೆ ಕತ್ತರಿಸಿ. ಚೂಪು ಮೂಲೆಯಿಂದಲೇ ಹಾಳೆ ಹರಿಯಲು ಶುರುವಾಗುವುದು.

ರೆಕ್ಕೆಯ ಉದ್ದಕ್ಕೆ, ನಡುವೆ, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒಂದು ಗೆರೆ ಒತ್ತಿ. ಇದು ಎಲೆಯ ನರದಂತೆ ಕಾಣುವುದಲ್ಲದೆ ರೆಕ್ಕೆ ಜೋತುಬೀಳದಂತೆ ತಡೆಯುತ್ತದೆ. ಬಣ್ಣಕ್ಕೆ 400 ನಂಬರಿನ ಉಜ್ಜುಕಾಗದದಿಂದ ರೆಕ್ಕೆಯನ್ನಷ್ಟೇ ಮಂಕು ಮಾಡಿ ಸ್ಪ್ರೇ ಹೊಡೆಯಿರಿ. ಸೊಂಟದ ಮೇಲೆ ಟೇಪು ಅಂಟಿಸಿ ಮುಚ್ಚಿರಿ. ಅಲ್ಲಿ ಬಣ್ಣ ಬಿದ್ದರೆ ನೂರು ಮಡಿಕೆಗಳೊಳಗೆ ಚಕ್ಕೆಯೇಳುತ್ತದೆ, ಚಕ್ಕೆಗಳು ಯು-ಪಟ್ಟಿಯೊಳಗೆ ಬಿದ್ದು ದಾರಕ್ಕೆ ಸಿಕ್ಕಿಕೊಳ್ಳುತ್ತವೆ. ಎರಡು ಗರಿಗೆ ಹನ್ನೆರಡು ಪಟ್ಟಿ ಸಾಕು, ಆದರೆ ಇಪ್ಪತ್ತನಾಲ್ಕು ಕತ್ತರಿಸಿಡಿ. ಪ್ರದರ್ಶನದಲ್ಲಿ ಮೊದಲು ಹಾಳಾಗುವುದು ಇವೇ.

ಸೊಂಟದ ನಟ್ಟನಡುವೆ 3 ಮಿ.ಮೀ. ಅಂತರದಲ್ಲಿ ಸೂಜಿಯಿಂದ ಎರಡು ತೂತು ಮಾಡಿ 60 ಸೆಂ.ಮೀ. ಹೆಣೆದ ದಾರವನ್ನು ಮೇಲಿಂದ ಪೋಣಿಸಿ ಕೆಳಗೆ ಗಂಟು ಹಾಕಿ. ಹೆಣೆದ ದಾರ ನುಣುಪು, ಒಂದು ಗಂಟು ಜಾರುತ್ತದೆ. ಮೂರು ಗಂಟು ಹಾಕಿ ಫೆವಿಕ್ವಿಕ್ ಒಂದು ಹನಿ ತಾಗಿಸಿ. ಅಂಟು ದಾರದುದ್ದಕ್ಕೂ ಹರಿಯಲು ಬಿಡಬೇಡಿ, ಅಂಟು ಹೀರಿದ ದಾರ ಕಡ್ಡಿಯಂತಾಗಿ ಮಣಿಯ ಬಳಿ ತುಂಡಾಗುತ್ತದೆ. ಸಾಮಾನ್ಯ ನೈಲಾನ್ ಗಾಳದ ದಾರವೂ ಬೇಡ. ಅದು ಹಿಗ್ಗುತ್ತದೆ, ಸುರುಳಿಯ ನೆನಪನ್ನೂ ಬಿಡುವುದಿಲ್ಲ.

ಗರಿ

ಯು-ಪಟ್ಟಿಯನ್ನು 15 ಸೆಂ.ಮೀ.ಗೆ ಕತ್ತರಿಸಿ. ತುದಿಯಿಂದ 10 ಮಿ.ಮೀ. ಬಿಟ್ಟು, 18 ಮಿ.ಮೀ.ಗೊಂದರಂತೆ ತಳದಲ್ಲಿ ಆರು ತೂತು, 2 ಮಿ.ಮೀ. ಡ್ರಿಲ್ ಬಿಟ್ಟಿನಿಂದ. ಪ್ರತಿ ತೂತಿನ ನೇರಕ್ಕೆ ಎರಡೂ ಗೋಡೆಗಳ ಅಂಚಿನಲ್ಲಿ 5 ಮಿ.ಮೀ. ಅಗಲ, 1 ಮಿ.ಮೀ. ಆಳದ ಕಚ್ಚು, ಅರದಿಂದ. ಸೊಂಟ ಈ ಕಚ್ಚಿನಲ್ಲಿ ಕೂರುತ್ತದೆ, ಆಚೀಚೆ ಸರಿಯುವುದಿಲ್ಲ. ಕಚ್ಚಿನ ಅಂಚನ್ನು ಉಜ್ಜುಕಾಗದದಿಂದ ದುಂಡಗೆ ಮಾಡಿ. ಬೆರಳು ಸವರಿದರೆ ತರಚಬಾರದು. ಪ್ರತಿ ತೂತಿನ ಹೊರಬಾಯಿಗೆ ಒಂದು ಗಾಜಿನ ಮಣಿಯನ್ನು ಅರಾಲ್ಡೈಟ್‌ನಿಂದ ಅಂಟಿಸಿ. ದಾರ ಇಲ್ಲಿ ಲಂಬದಿಂದ ಅಡ್ಡಕ್ಕೆ ತಿರುಗಬೇಕು. ಮಣಿಯಿಲ್ಲದಿದ್ದರೆ ಅಲ್ಯೂಮಿನಿಯಂ ಅಂಚು ಅದನ್ನು ಗರಗಸದಂತೆ ಕೊಯ್ಯುತ್ತದೆ.

ಆರೂ ಪಟ್ಟಿಗಳನ್ನು ಕೂರಿಸಿದ ಮೇಲೆ ಅವುಗಳ ಮೇಲಿಂದ, ನಡುವಿನಲ್ಲಿ, ಗರಿಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸ್ಟೀಲ್ ತಂತಿಯನ್ನು ಬಿಗಿಯಿರಿ. ದಾರ ಸಡಿಲವಾಗಿದ್ದಾಗ ಪಟ್ಟಿ ಮೇಲೆದ್ದು ಬೀಳದಂತೆ ಹಿಡಿಯುವುದು ಈ ತಂತಿ. ದೂರದಿಂದ ನೋಡಿದರೆ ಗರಿಯ ದಿಂಡಿನ ಗೆರೆಯಂತೆಯೇ ಕಾಣುತ್ತದೆ.

ಆರು ದಾರಗಳನ್ನೂ ಗರಿಯ ಕೆಳಗಿನಿಂದ ಬುಡಕ್ಕೆ ತಂದು 35 ಸೆಂ.ಮೀ. ಟೆಫ್ಲಾನ್ ಕೊಳವೆಯೊಳಗೆ ಹಾಯಿಸಿ ಸರ್ವೊ ಪೆಟ್ಟಿಗೆಗೆ ಒಯ್ಯಿರಿ. ಕೊಳವೆಯ ಎರಡೂ ಬಾಯಿಗಳು ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಸೈಕಲ್ ಬ್ರೇಕ್ ಕೇಬಲಿನ ಹೊರಕವಚದ ಹಾಗೆ. ಕೊಳವೆಯಿಲ್ಲದೆ ದಾರವನ್ನು ನೇರ ತಂದರೆ, ತೊಟ್ಟು ಬಾಗಿದಾಗಲೆಲ್ಲ ದಾರದ ಹಾದಿಯ ಉದ್ದ ಬದಲಾಗಿ ಕಿರುಎಲೆಗಳು ತಾವಾಗಿಯೇ ಮುಚ್ಚುತ್ತವೆ ಅಥವಾ ತೆರೆಯುತ್ತವೆ. ಎಷ್ಟೋ ಜನ ಪ್ರೋಗ್ರಾಮಿನಲ್ಲಿ ಹುಡುಕುವ ದೋಷ ನಿಜವಾಗಿ ಇಲ್ಲಿರುತ್ತದೆ. ಕೊಳವೆಯ ಬಾಗು 3 ಸೆಂ.ಮೀ. ತ್ರಿಜ್ಯಕ್ಕಿಂತ ಕಡಿದಾಗದಿರಲಿ.

ಒಂದರ ಹಿಂದೆ ಒಂದು

ಪೆಟ್ಟಿಗೆಯೊಳಗೆ ಪ್ರತಿ ದಾರದ ಕೊನೆಗೆ 60 ಮಿ.ಮೀ. ಎಲಾಸ್ಟಿಕ್ ಕಟ್ಟಿ, ಆರು ಎಲಾಸ್ಟಿಕ್‌ಗಳನ್ನೂ ಒಂದೇ ಸಣ್ಣ ಉಂಗುರಕ್ಕೆ ಸೇರಿಸಿ. ಉಂಗುರದಿಂದ ಒಂದು ದಪ್ಪ ದಾರ ಸರ್ವೊದ ಮೇಲಿನ 14 ಮಿ.ಮೀ. ವ್ಯಾಸದ ರಾಟೆಗೆ. ಈಗ ಸಡಿಲು ಬಿಡುವ ಕ್ರಮ: ತುದಿಯ ಜೋಡಿಯ ದಾರ ಸಡಿಲಿಲ್ಲದೆ ನೇರ, ಎರಡನೆಯದಕ್ಕೆ 1.5 ಮಿ.ಮೀ. ಸಡಿಲು, ಮೂರನೆಯದಕ್ಕೆ 3, ಹೀಗೆ ಬುಡದ ಜೋಡಿಗೆ 7.5 ಮಿ.ಮೀ. ರಾಟೆ ತಿರುಗಿದಂತೆ ತುದಿ ಮೊದಲು ಮುಚ್ಚುತ್ತದೆ. ಮುಚ್ಚಿದ ಮೇಲೂ ಉಂಗುರ ಸರಿಯುತ್ತಲೇ ಇರುವುದರಿಂದ ಆ ಹೆಚ್ಚುವರಿ ಎಳೆತವನ್ನು ಎಲಾಸ್ಟಿಕ್ ನುಂಗಿಕೊಳ್ಳುತ್ತದೆ. ಎಲಾಸ್ಟಿಕ್ ಇಲ್ಲದಿದ್ದರೆ ತುದಿಯ ಪಟ್ಟಿ ಹರಿಯುತ್ತದೆ ಅಥವಾ ಸರ್ವೊ ಅಲ್ಲೇ ನಿಂತು ಬಿಸಿಯಾಗುತ್ತದೆ.

ಲೆಕ್ಕ ಹೀಗೆ: ಮಡಚಲು 8 ಮಿ.ಮೀ., ಎಲಾಸ್ಟಿಕ್ ಹಿಗ್ಗಲು ಸುಮಾರು 2, ಸಡಿಲಿಗೆ 7.5, ಒಟ್ಟು 17.5 ಮಿ.ಮೀ. ರಾಟೆ 160 ಡಿಗ್ರಿ ತಿರುಗಿದರೆ 19.5 ಮಿ.ಮೀ. ಸಿಗುತ್ತದೆ. ಉಂಗುರದ ಮೇಲಿನ ಒಟ್ಟು ಎಳೆತ ಸುಮಾರು 300 ಗ್ರಾಂ, ಘರ್ಷಣೆ ಬೇರೆ. ಎಂಜಿ90ಎಸ್‌ಗೆ ಇದು ಹಗುರದ ಕೆಲಸ. ಎಲಾಸ್ಟಿಕ್ ಬಿಗುವು ಒಂದೊಂದು ತಯಾರಿಯಲ್ಲಿ ಒಂದೊಂದು ಥರ. ಕೊಂಡದ್ದನ್ನು ಪರೀಕ್ಷಿಸಲು 60 ಮಿ.ಮೀ. ತುಂಡಿಗೆ 50 ಗ್ರಾಂ ತೂಗುಹಾಕಿ: 4ರಿಂದ 8 ಮಿ.ಮೀ. ಹಿಗ್ಗಿದರೆ ಸರಿ. ಇನ್ನೂ ಹೆಚ್ಚು ಹಿಗ್ಗಿದರೆ ಎಲೆ ಪೂರ್ತಿ ಮುಚ್ಚುವುದಿಲ್ಲ, ತುಂಡನ್ನು ಗಿಡ್ಡ ಮಾಡಿ.

ಈ ಏರ್ಪಾಡಿನಲ್ಲಿ ಎಲ್ಲಿ ಮುಟ್ಟಿದರೂ ಅಲೆ ತುದಿಯಿಂದಲೇ ಹೊರಡುತ್ತದೆ. ಮುಟ್ಟಿದ ಜಾಗದಿಂದಲೇ ಹೊರಡಬೇಕೆಂದರೆ ಜೋಡಿಗೊಂದು ಸರ್ವೊ ಬೇಕು. ಮೊದಲ ಎಲೆಗೆ ಆ ಖರ್ಚು, ಆ ತೂಕ ಬೇಡ.

ತೊಟ್ಟು

ಬಿದಿರ ಕಡ್ಡಿಯ ಬುಡದಲ್ಲಿ 3 ಮಿ.ಮೀ. ಬೋಲ್ಟಿನ ಕೀಲು. ಎಲೆಯ ಭಾರ ಕೀಲಿನ ಮೇಲೆ ಸುಮಾರು 1 ಕೆಜಿ-ಸೆಂ.ಮೀ. ತಿರುಚು ಬಲ ಹಾಕುತ್ತದೆ. ಕೀಲಿನಿಂದ 3 ಸೆಂ.ಮೀ. ದೂರದಲ್ಲಿ 400ರಿಂದ 500 ಗ್ರಾಂ ಎಳೆಯುವ ಸ್ಪ್ರಿಂಗು ಕಟ್ಟಿದರೆ ವಿದ್ಯುತ್ ಇಲ್ಲದೆಯೂ ಎಲೆ ಎತ್ತಿಕೊಂಡೇ ನಿಲ್ಲುತ್ತದೆ. ಎಂಜಿ996ಆರ್ ಕೆಲಸ ಅದನ್ನು ದಾರದಿಂದ 50 ಡಿಗ್ರಿ ಕೆಳಕ್ಕೆಳೆಯುವುದು ಮಾತ್ರ. ಸ್ಪ್ರಿಂಗಿಲ್ಲದೆ ಸರ್ವೊವೇ ದಿನವಿಡೀ ಎಲೆ ಹೊತ್ತು ನಿಂತರೆ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ, ಮೌನದ ಕೋಣೆಯಲ್ಲಿ ಆ ಒಂದು ಸದ್ದು ಇಡೀ ಅನುಭವ ಕೆಡಿಸುತ್ತದೆ.

ಕೆನಡಾದ ವಾಸ್ತುಶಿಲ್ಪಿ ಫಿಲಿಪ್ ಬೀಸ್ಲಿ 2010ರ ವೆನಿಸ್ ವಾಸ್ತುಶಿಲ್ಪ ಬಿಯೆನಾಲೆ ಪ್ರದರ್ಶನದಲ್ಲಿ ಕಟ್ಟಿದ ಕೃತಕ ಕಾಡಿನಲ್ಲಿ ಜನ ಹತ್ತಿರ ಬಂದರೆ ಅಕ್ರಿಲಿಕ್ ಗರಿಗಳು ಸದ್ದಿಲ್ಲದೆ ಮಿಡುಕುತ್ತಿದ್ದವು. ಅಲ್ಲಿ ಬಳಸಿದ್ದು ಬಿಸಿಯಾದಾಗ ಕುಗ್ಗುವ ಮಿಶ್ರಲೋಹದ ತಂತಿ. ಮೌನಕ್ಕೆ ಅದೇ ಉತ್ತಮ. ಆದರೆ ಅದು ಕುಗ್ಗುವುದು ಉದ್ದದ ಶೇಕಡಾ 4ರಷ್ಟು. ನಮ್ಮ 20 ಮಿ.ಮೀ. ಎಳೆತಕ್ಕೆ ಅರ್ಧ ಮೀಟರ್ ತಂತಿ ಬೇಕು, ತಂತಿ 70 ಡಿಗ್ರಿ ಮೀರಿ ಕಾಯುತ್ತದೆ, ಕೈಗೆ ಸಿಗದಂತೆ ಮುಚ್ಚಬೇಕು. ಸರ್ವೊದಲ್ಲಿ ಕೈ ಪಳಗಿದ ಮೇಲೆ ಅತ್ತ ಹೋಗಿ.

ಸ್ಪರ್ಶ

ಯು-ಪಟ್ಟಿ ಲೋಹವೇ ಆದ್ದರಿಂದ ಅದೇ ಸ್ಪರ್ಶ ಫಲಕ. ಬಿದಿರು ವಿದ್ಯುತ್ ಹಾಯಿಸದು, ಹಾಗಾಗಿ ಎರಡು ಗರಿಗಳು ತಾನಾಗಿಯೇ ಬೇರೆ ಬೇರೆ. ಅಲ್ಯೂಮಿನಿಯಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ: 2 ಮಿ.ಮೀ. ಸ್ಕ್ರೂ, ವಾಶರ್, ಲಗ್ ಹಾಕಿ ತಂತಿ ಕಟ್ಟಿ. ಬಣ್ಣದ ಅಥವಾ ಆನೊಡೈಸ್ ಮಾಡಿದ ಪಟ್ಟಿಯಾದರೆ ಸ್ಕ್ರೂ ಕೂರುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಆ ಪದರ ವಿದ್ಯುತ್ತನ್ನು ತಡೆಯುತ್ತದೆ. ಕಿರುಎಲೆಯ ತುದಿಯೂ ಸ್ಪರ್ಶ ಅರಿಯಬೇಕಾದರೆ ರೆಕ್ಕೆಯ ಅಡಿಗೆ ಫಾಯಿಲ್ ಟೇಪು ಅಂಟಿಸಿ, ಅಲ್ಲಿಂದ ಪಟ್ಟಿಯ ಹೊರಗೋಡೆಯ ಸ್ಕ್ರೂವಿಗೆ ಸ್ಟೀಲಿನ ವಾಹಕ ದಾರವನ್ನು ಸಡಿಲ ಕುಣಿಕೆಯಾಗಿ ಕಟ್ಟಿ. ಫಾಯಿಲನ್ನೇ ಸೊಂಟದ ಮೇಲೆ ಎಳೆದರೆ ಮಡಿಕೆಯಲ್ಲಿ ಬಿರಿಯುತ್ತದೆ.

ಗರಿಗಳಿಂದ ಎಂಪಿಆರ್121ಗೆ ಹೋಗುವ ತಂತಿ ಅರ್ಧ ಮೀಟರ್ ಮೀರದಿರಲಿ, ಸರ್ವೊ ತಂತಿಗಳ ಜೊತೆ ಕಟ್ಟುಹಾಕಬೇಡಿ. ಈ ಮಾಡ್ಯೂಲಿಗೂ ಸರ್ವೊ ಚಾಲಕದ ತರ್ಕ ಭಾಗಕ್ಕೂ ಬೋರ್ಡಿನ 3.3 ವೋಲ್ಟ್, ಸರ್ವೊಗಳಿಗೆ ಎಸ್‌ಎಂಪಿಎಸ್‌ನಿಂದ ನೇರ 5 ವೋಲ್ಟ್, ಚಾಲಕದ ಪಕ್ಕದಲ್ಲೇ ಕೆಪಾಸಿಟರ್. ಗ್ರೌಂಡ್ ಎಲ್ಲಕ್ಕೂ ಒಂದೇ. ಬೋರ್ಡಿನಿಂದಲೇ ಸರ್ವೊ ನಡೆಸಿದರೆ ಎಲೆ ಮುದುಡುವ ಹೊತ್ತಿಗೆ ವೋಲ್ಟೇಜ್ ಕುಸಿದು ಇಎಸ್‌ಪಿ32 ಮರುಶುರುವಾಗುತ್ತದೆ.

ಯಾರೂ ಮುಟ್ಟದೆ ಎಲೆ ಮುದುಡುತ್ತಿದೆಯೇ? ಹೆಚ್ಚಿನ ಸಲ ಕಾರಣ ಎರಡು ಪಿನ್ನಿನ ಅಡಾಪ್ಟರು. ಅರ್ತ್ ಇಲ್ಲದ ಪೂರೈಕೆಯಲ್ಲಿ ಇಡೀ ಸರ್ಕಿಟ್ ತೇಲುತ್ತಿರುತ್ತದೆ, ಸ್ಪರ್ಶದ ಅಳತೆಯೂ ಅದರೊಂದಿಗೆ ಕುಣಿಯುತ್ತದೆ. ಮೂರು ಪಿನ್ನಿನ ಎಸ್‌ಎಂಪಿಎಸ್ ಬಳಸಿ, ಅದರ 5 ವೋಲ್ಟಿನ ನೆಗೆಟಿವ್ ಅನ್ನು ಅರ್ತ್ ಟರ್ಮಿನಲ್‌ಗೆ ಒಂದು ಕಡೆ ಸೇರಿಸಿ. 230 ವೋಲ್ಟಿನ ಬದಿಯ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ; ಜನ ಮುಟ್ಟಲೆಂದೇ ಮಾಡಿದ ವಸ್ತು ಇದು. ಎಂಪಿಆರ್121ರ ಸ್ಪರ್ಶದ ಮಿತಿ 12, ಬಿಡುಗಡೆಯ ಮಿತಿ 6 ಎಂದಿಟ್ಟು ಶುರು ಮಾಡಿ, ಫಾಯಿಲ್ ಸೇರಿಸಿದ ಮೇಲೆ ಮತ್ತೆ ಹೊಂದಿಸಿ. ಮಳೆಗಾಲದ ತೇವಕ್ಕೆ ತಳಮಟ್ಟ, ಅಂದರೆ ಯಾರೂ ಮುಟ್ಟದಾಗಿನ ಅಳತೆ, ಸರಿಯುತ್ತದೆ, ಆದರೆ ನಿಧಾನವಾಗಿ ಆಗುವ ಬದಲಾವಣೆಯನ್ನು ಎಂಪಿಆರ್121 ತಾನೇ ಹಿಂಬಾಲಿಸುತ್ತದೆ.

ನಡವಳಿಕೆ

ಎಲೆಗೆ ನಾಲ್ಕು ಸ್ಥಿತಿ: ಅರಳಿದೆ, ಮುದುಡುತ್ತಿದೆ, ಮುದುಡಿದೆ, ಅರಳುತ್ತಿದೆ. ಪ್ರೋಗ್ರಾಮಿನಲ್ಲಿ ಕೆಲಸ ನಿಲ್ಲಿಸಿ ಕಾಯಿಸುವ ಡಿಲೇ ಬಳಸದೆ, ಮಿಲಿಸೆಕೆಂಡಿನ ಗಡಿಯಾರ ನೋಡಿ ಒಂದೊಂದೇ ಹೆಜ್ಜೆ ಸಾಗಿಸಿ. ಡಿಲೇ ಹಾಕಿದರೆ ಆ ಹೊತ್ತಿನಲ್ಲಿ ಎರಡನೇ ಗರಿ ಕುರುಡಾಗಿರುತ್ತದೆ.

ಶುರುವಿಗೆ ಈ ಅಂಕಿಗಳನ್ನು ಹಾಕಿ. ಸ್ಪರ್ಶ 0.3 ಸೆಕೆಂಡಿಗಿಂತ ಕಡಿಮೆಯಿದ್ದರೆ ಮುಟ್ಟಿದ ಗರಿ ಮಾತ್ರ, 1.3 ಸೆಕೆಂಡಿನಲ್ಲಿ ಮುದುಡಲಿ. 1 ಸೆಕೆಂಡಿನವರೆಗೆ ಹಿಡಿದರೆ, ಮೊದಲನೆಯದು ಮುಚ್ಚಿ 0.8 ಸೆಕೆಂಡಿಗೆ ಇನ್ನೊಂದು ಗರಿ. ಅದಕ್ಕೂ ಹೆಚ್ಚಾದರೆ ತೊಟ್ಟೂ ಬಾಗಲಿ. ನಡುವಿನ ಆ 0.8 ಸೆಕೆಂಡಿನ ಮೌನವನ್ನು ಕಡಿಮೆ ಮಾಡಬೇಡಿ. ಸುದ್ದಿ ಒಳಗಿನಿಂದ ಹಾದುಹೋಗುತ್ತಿದೆ ಎಂದು ನೋಡುವವರಿಗೆ ಅನ್ನಿಸುವುದು ಆ ಹೊತ್ತಿನಲ್ಲೇ. ಬಳಿಕ 8 ಸೆಕೆಂಡು ಸುಮ್ಮನಿದ್ದು, ತೊಟ್ಟು 25 ಸೆಕೆಂಡಿನಲ್ಲಿ ಏಳಲಿ, ಗರಿಗಳು 60 ಸೆಕೆಂಡಿನಲ್ಲಿ ಅರಳಲಿ. ಗಿಡದ ಹದಿನೈದು ನಿಮಿಷವನ್ನು ಸಭಿಕರು ಕಾಯಲಾರರು. ಆದರೆ ಅರಳುವುದು ಮುದುಡುವುದಕ್ಕಿಂತ ನಲವತ್ತು ಪಟ್ಟಾದರೂ ನಿಧಾನವಿರಲಿ.

ಮುದುಡುವಾಗ ಮತ್ತು ಆಮೇಲಿನ 0.3 ಸೆಕೆಂಡು ಸ್ಪರ್ಶವನ್ನು ಓದಬೇಡಿ, ಸರ್ವೊದ ಗದ್ದಲ ಸ್ಪರ್ಶವೆಂದೇ ಕಾಣುತ್ತದೆ. ಅರಳುವಾಗ 2 ಸೆಕೆಂಡು ಚಲನೆ, ಅರ್ಧ ಸೆಕೆಂಡು ವಿರಾಮ. ವಿರಾಮದಲ್ಲಿ ಮಾತ್ರ ಓದಿ. ಅರ್ಧ ಅರಳಿದಾಗ ಮತ್ತೆ ಮುಟ್ಟಿದರೆ ಇದ್ದಲ್ಲಿಂದಲೇ ಮುದುಡಬೇಕು, ಪೂರ್ತಿ ತೆರೆದ ಸ್ಥಾನಕ್ಕೆ ಜಿಗಿದು ಅಲ್ಲ. ನಿಧಾನ ಚಲನೆಯಲ್ಲಿ ಟಿಕ್ ಟಿಕ್ ಸದ್ದು ಬಂದರೆ ಸರ್ವೊವನ್ನು ಪೆಟ್ಟಿಗೆಗೆ ನೇರ ಬಿಗಿಯದೆ ನಡುವೆ ರಬ್ಬರ್ ವಾಶರ್ ಇಡಿ.

ಒಂದು ಗುಣವನ್ನು ಖಂಡಿತ ಸೇರಿಸಿ: ಅಭ್ಯಾಸವಾಗುವುದು. 2014ರಲ್ಲಿ ಪ್ರಕಟವಾದ ವಿಜ್ಞಾನಿ ಮೋನಿಕಾ ಗ್ಯಾಗ್ಲಿಯಾನೊ ಅವರ ತಂಡದ ಪ್ರಯೋಗದಲ್ಲಿ, ಕುಂಡದ ಸಮೇತ ಮುಟ್ಟಿದರೆ ಮುನಿಯನ್ನು ಸ್ವಲ್ಪ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿದಾಗ, ಹಾನಿಯಿಲ್ಲವೆಂದು ತೋರಿದ ಮೇಲೆ ಗಿಡಗಳು ಎಲೆ ಮಡಚುವುದನ್ನೇ ಬಿಟ್ಟವು. ನಿಮ್ಮ ಎಲೆಯೂ ಎರಡು ನಿಮಿಷದೊಳಗೆ ಐದು ಸ್ಪರ್ಶ ದಾಟಿದರೆ ಶೇಕಡಾ 60ರಷ್ಟೇ ಮುದುಡಲಿ, ಎಂಟು ದಾಟಿದರೆ 30. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಎಣಿಕೆ ಅಳಿಸಿಹಾಕಿ. ಮಕ್ಕಳು ಸುತ್ತುಗಟ್ಟಿ ಬಡಿಯುವಾಗ ಎಲೆ ಸುಮ್ಮನಾಗುವುದು, ಅವರು ಕೈ ಹಿಂತೆಗೆದು ಕಾದಾಗ ಮತ್ತೆ ನಾಚುವುದು ನೋಡಲು ಚೆಂದ. ದಾರ, ಎಲಾಸ್ಟಿಕ್‌ಗಳ ಆಯುಷ್ಯವೂ ಹೆಚ್ಚುತ್ತದೆ.

ಪಾಲಿಯೆಸ್ಟರ್ ಹಾಳೆ ಹೆಚ್ಚು ಹೊತ್ತು ಮಡಚಿಕೊಂಡಿದ್ದರೆ ಆ ಆಕಾರವನ್ನೇ ಹಿಡಿಯುತ್ತದೆ, ಮರುದಿನ ಎಲೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಮುದುಡಿದ ಎಲೆಯ ವಿದ್ಯುತ್ತನ್ನು ಎಂದೂ ತೆಗೆಯಬೇಡಿ. ಪೆಟ್ಟಿಗೆಯ ಹಿಂಬದಿಗೆ ಒಂದು ಗುಂಡಿ ಇಟ್ಟು, ಒತ್ತಿದರೆ ಎಲ್ಲ ದಾರಗಳೂ ಸಡಿಲಾಗಿ ಎಲೆ ಪೂರ್ತಿ ತೆರೆಯುವಂತೆ ಬರೆಯಿರಿ. ಅದು ತೆರೆದು ನಿಂತದ್ದನ್ನು ಕಣ್ಣಾರೆ ನೋಡಿ ಆಮೇಲೆ ಮೇನ್ ಸ್ವಿಚ್ ಆರಿಸಿ.